ಭಾವನ ಲಿವರ್ ಮತ್ತೆ ಬೆಳೆದದ್ದು

2003ರ ಆಗಸ್ಟ್‌ನಲ್ಲಿ ನನ್ನ ಅಕ್ಕನ ಗಂಡನನ್ನು ಧಾರವಾಡದ ಒಂದು ಆಸ್ಪತ್ರೆಗೆ ಸೇರಿಸಲಾಯಿತು. ಯಕೃತ್ತಿಗೆ ತೀವ್ರ ಹಾನಿಯಾಗಿತ್ತು.

ಭಾವ ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ. ಶ್ರಾವಣ ಮಾಸವಿಡೀ ಒಪ್ಪತ್ತು ಉಣ್ಣುವುದು ಅವರ ಮನೆಯ ರೂಢಿ. ಆಗಲೇ ಜ್ವರ ಬಂತು. ಕಿರಾಣಿ ಅಂಗಡಿಯಿಂದ ಒಂದು ಮಾತ್ರೆ, ಕಾರ್ಖಾನೆಯ ಔಷಧ ಪೆಟ್ಟಿಗೆಯಿಂದ ಇನ್ನೊಂದು, ನೆಗಡಿಗೆಂದು ಮೆಡಿಕಲ್ ಅಂಗಡಿಯವನು ಕೊಟ್ಟದ್ದು ಮತ್ತೊಂದು. ಹೆಸರು ಬೇರೆ, ಬಣ್ಣ ಬೇರೆ. ಎಲ್ಲದರೊಳಗೂ ಇದ್ದದ್ದು ಪ್ಯಾರಾಸಿಟಮಾಲ್; ಹೆಚ್ಚಾದರೆ, ಅದೂ ಅರೆಹೊಟ್ಟೆಯಲ್ಲಿ, ಯಕೃತ್ತಿಗೆ ಅದು ವಿಷ. ಜ್ವರ ಇಳಿಯಲಿಲ್ಲವೆಂದು ಎಲ್ಲವನ್ನೂ ನುಂಗುತ್ತ ಹೋದ, ವ್ರತ ಮಾತ್ರ ಬಿಡಲಿಲ್ಲ. ಆಸ್ಪತ್ರೆಗೆ ತರುವಾಗ ಕಣ್ಣುಗಳು ಹಳದಿಯಾಗಿದ್ದವು, ಮಾತು ತೊದಲುತ್ತಿತ್ತು.

ಅಲ್ಲಿನ ವೈದ್ಯೆಯನ್ನು ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದರು. ಅವರು ವಿಷ ಇಳಿಸುವ ಡ್ರಿಪ್ ಹಚ್ಚಿ, ಇನ್ನು ಕಾಯಬೇಕು ಎಂದರು. ಅಕ್ಕನಿಗೆ ಅದು ಒಪ್ಪಿಗೆಯಾಗಲಿಲ್ಲ.

“ಇನ್ನ ಏನಾರ ಸೂಜಿ ಹಾಕ್ರಿ ಬಾಯಾರ. ಬರೇ ನೋಡಕೋತ ಕುಂದರಾಕ ಬಂದೇವೇನ್ರಿ?”

ಅಷ್ಟರಲ್ಲಿ ಹೆಬ್ಬಳ್ಳಿಯಿಂದ ಭಾವನ ಕಾಕಾ ಬಂದ. ಧೋತರದ ಮರೆಯಲ್ಲಿ ಒಂದು ಬಾಟಲಿ, ಅದರಲ್ಲಿ ಕಾಮಣಿಗೆ, ಅಂದರೆ ಕಾಮಾಲೆಗೆ, ಕೊಡುವ ಸೊಪ್ಪಿನ ರಸ.

“ಒಂದ ಗುಟುಕ ಹಾಕ್ತೇನಿ. ಯಾರಿಗೂ ಗೊತ್ತಾಗೂದಿಲ್ಲ,” ಎಂದ ಅಕ್ಕನಿಗೆ.

“ನನಗ ಗೊತ್ತಾತಲ್ರಿ ಕಾಕಾ,” ಎಂದರು ಬಾಗಿಲಲ್ಲಿ ನಿಂತಿದ್ದ ಡಾಕ್ಟರ್ ಬಾಯಿ. ಸಿಟ್ಟಾಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು.

“ಲಿವರಿನ ಕಣ ಭಾಳ ಸತ್ತಾವ. ಅದನ್ನ ನೋಡಿ ಅಲ್ಲೇ ಇರೋ ಕಾವಲು ಕಣ ಸುದ್ದಿ ಕಳಸ್ತಾವ. ಆ ಸುದ್ದಿ ಅಂದ್ರ ಸಣ್ಣ ಸಣ್ಣ ಪ್ರೋಟೀನು, ಸೈಟೊಕೈನ್ ಅಂತೀವಿ. ಅವು ಹೆಚ್ಚಾದ್ರ ಬಾವು ಬಂದು ಇನ್ನಷ್ಟು ಕಣ ಸಾಯಬಹುದು. ಆದ್ರ ಉಳಿದ ಕಣಕ್ಕ ‘ಏಳು, ಒಂದಿದ್ದದ್ದು ಎರಡಾಗು’ ಅಂತ ಹೇಳೋವೂ ಅವೇ.”

“ಮನೀಗೆ ಬೆಂಕಿ ಹಚ್ಚಿದವನೇ ಮತ್ತ ಕಟ್ಟಾಕ ಗೌಂಡಿನ್ನ ಕರಕೊಂಡ ಬಂದಂಗಾತಲ್ರಿ!” ಎಂದ ಕಾಕಾ.

ಡಾಕ್ಟರ್ ಬಾಯಿ ನಕ್ಕರು. ಅಕ್ಕ ನಗಲಿಲ್ಲ.

“ಹಂಗಾರ ಸುಡೂ ಸುದ್ದಿ ತಡೀರಿ, ಕಟ್ಟೂ ಸುದ್ದಿ ಬಿಡ್ರಿ.”

“ಹಂಗ ಬ್ಯಾರೆ ಮಾಡೋ ವಿದ್ಯಾ ನಮಗಿನ್ನೂ ಬಂದಿಲ್ಲವಾ. ಇಂಟರ್‌ಲ್ಯೂಕಿನ್-6 ಅಂತ ಒಂದ ಪ್ರೋಟೀನ್ ಅದ, ಎರಡೂ ಸುದ್ದಿ ಒಯ್ಯೋದು ಅದೇ. ಅದಿಲ್ಲದ ಇಲಿಗಳೊಳಗ ಲಿವರ್ ಸರಿಯಾಗಿ ಮತ್ತ ಬೆಳೀಲಿಲ್ಲ. ಈಗ ನಾವು ಹೊರಗಿಂದ ಏನ ಸುರುವಿದ್ರೂ ಅದನ್ನ ಅರಗಿಸೋ ಭಾರಾನೂ ಅದೇ ಲಿವರಿನ ಮ್ಯಾಲೆ ಬೀಳತದ.”

ಅಕ್ಕ ಗಂಡನ ಹೊದಿಕೆ ಸರಿಪಡಿಸಿದಳು. ಆಮೇಲೆ ಕಾಕಾನ ಕೈಯಿಂದ ಬಾಟಲಿ ತೆಗೆದುಕೊಂಡು ತನ್ನ ಚೀಲದಲ್ಲಿಟ್ಟಳು.

“ನಾಳಿ ನನಗ ಬೈಬ್ಯಾಡ ಮತ್ತ,” ಎಂದ ಕಾಕಾ.

“ಬೈಯೂದಿದ್ರ ನನಗ ನಾನ ಬೈಕೋತೇನಿ. ನೀವ ಚಹಾ ಕುಡದ ಬರ್ರಿ.”

ನಾನು ಆಗ ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಉಪಸಂಪಾದಕ. ಸುದ್ದಿಯೊಂದು ಊರು ಕೆಡಿಸಿದ್ದನ್ನು ನೋಡಿದ್ದೆ, ಊರು ಕೂಡಿಸಿದ್ದನ್ನೂ ನೋಡಿದ್ದೆ. ಒಂದೇ ಸುದ್ದಿ ಎರಡನ್ನೂ ಮಾಡುವುದು, ಅದೂ ಮಲಗಿದವನ ಪಕ್ಕೆಲುಬಿನ ಕೆಳಗೆ, ಅವನಿಗೇ ತಿಳಿಯದಂತೆ ಎಂಬುದು ನನ್ನ ಅಂದಾಜಿಗೆ ಮೀರಿದ್ದಾಗಿತ್ತು. ಮಂಚದ ಪಕ್ಕ ಕೂತು ಆ ಜಾಗವನ್ನೇ ನೋಡುತ್ತಿದ್ದೆ. ಹೊದಿಕೆ ಉಸಿರಿಗೆ ಏಳುತ್ತಿತ್ತು, ಇಳಿಯುತ್ತಿತ್ತು. ಬೇರೇನೂ ಕಾಣುತ್ತಿರಲಿಲ್ಲ.

ಮರುದಿನದ ರಕ್ತಪರೀಕ್ಷೆಯ ಫಲ ಮೊದಲಿಗಿಂತ ಕೆಟ್ಟದಾಗಿತ್ತು. ಅಕ್ಕನ ಕೈ ಚೀಲದ ಬಾಯಿಯ ಮೇಲೇ ಇತ್ತು. ಆದರೆ ಬಾಟಲಿ ಹೊರಗೆ ಬರಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಸತ್ತ ಕಣಗಳಿಂದ ಸೋರುವ ಕಿಣ್ವ ಇಳಿದಿತ್ತು. ನಾವು ಹಿಗ್ಗಿದೆವು. ಡಾಕ್ಟರ್ ಬಾಯಿ ತಡೆದರು: ಸಾಯಲು ಕಣವೇ ಉಳಿಯದಿದ್ದಾಗಲೂ ಅದು ಇಳಿಯುತ್ತದೆ. ನೋಡಬೇಕಾದದ್ದು ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂಬುದನ್ನು. ಅದಕ್ಕೆ ಬೇಕಾದ ಸರಕು ತಯಾರಾಗುವುದು ಯಕೃತ್ತಿನಲ್ಲೇ. ಅದನ್ನು ಕಾದೆವು. ರಕ್ತ ಮೊದಲಿಗಿಂತ ಬೇಗ ಹೆಪ್ಪುಗಟ್ಟಿತು. ಅದರ ಮುಂದಿನ ಸಲ ಇನ್ನೂ ಬೇಗ.

“ಹೊಸ ಕಣ ಕೆಲಸಕ್ಕ ಹತ್ಯಾವ,” ಎಂದರು ಅವರು. ತಮಗೂ ಅದು ಪ್ರತಿಸಲ ಹೊಸದೇ ಎಂಬಂತೆ ಭಾವನ ಹೊಟ್ಟೆಯ ಬಲಕ್ಕೆ ಕೈಯಿಟ್ಟು ನಿಂತಿದ್ದರು.

ಭಾವ ಕಣ್ಣು ತೆರೆದು, “ಏನ ಗದ್ದಲಾ ಇದು? ಹಸಿವಾಗೇತಿ,” ಎಂದ.

“ಶ್ರಾವಣ ಇನ್ನೂ ಮುಗದಿಲ್ಲೋ ತಮ್ಮಾ,” ಎಂದ ಕಾಕಾ. ಅಕ್ಕ ಅವನನ್ನು ದಿಟ್ಟಿಸಿ ನೋಡಿ, ಗಂಜಿ ತರಲು ಎದ್ದಳು.

2009ರ ಜನವರಿಯಲ್ಲಿ ಬೇರೆ ಕಾರಣಕ್ಕೆ ಭಾವನ ಹೊಟ್ಟೆಯ ಸ್ಕ್ಯಾನಿಂಗ್ ಆಯಿತು. ಯಕೃತ್ತು ಸಹಜ ಗಾತ್ರದಲ್ಲಿತ್ತು. ಹಳೆಯ ಹಾನಿಯ ಗುರುತು ಕಾಣಲಿಲ್ಲ.