ಮೊಮ್ಮಗಳ ಕತ್ತು ನೆಟ್ಟಗಾಯಿತು

ನನ್ನ ಮೊಮ್ಮಗಳು ಇವತ್ತು ಆಸ್ಪತ್ರೆಯಿಂದ ಮನೆಗೆ ಬಂದಳು. ಜೀಪಿನಿಂದ ಇಳಿಯುತ್ತಲೇ ಕತ್ತನ್ನು ಎರಡೂ ಕಡೆ ತಿರುಗಿಸಿ ತೋರಿಸಿದಳು. ನನಗೆ ಓದು ಕಮ್ಮಿ, ಆದರೂ ಇದನ್ನು ಬರೆಯದೆ ಇರಲಾರೆ.

ಅವಳಿಗೆ ಮೂರು ವರ್ಷ. ಜ್ವರ, ಗಂಟಲುನೋವು ಇತ್ತು. ಒಂದು ಬೆಳಿಗ್ಗೆ ಎದ್ದಾಗ ಕತ್ತು ಎಡಕ್ಕೆ ವಾಲಿತ್ತು, ತಿರುಗಿಸಲು ಹೋದರೆ ಅಳುತ್ತಿದ್ದಳು. ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರ ಪಾದ ತಾಗಿದರೆ ಉಳುಕು ಬಿಡುತ್ತದೆ ಅಂತ ನಮ್ಮ ಕಾಫಿ ಎಸ್ಟೇಟಿನ ಲೈನ್ ಮನೆಗಳವರೆಲ್ಲ ನನ್ನ ಹತ್ತಿರ ಬರುತ್ತಾರೆ. ಇದೂ ಉಳುಕೇ ಅಂದುಕೊಂಡು ಅವಳ ಕತ್ತಿಗೆ ಮೂರು ಸಲ ಮೆಲ್ಲಗೆ ಪಾದ ತಾಗಿಸಿದೆ. ಮಾರನೇ ದಿನ ಅವಳು ಗಂಜಿಯನ್ನೂ ನುಂಗಲಾರದೆ ಜೊಲ್ಲು ಸುರಿಸಿದಳು.

“ಅತ್ತೆ, ಇದು ಉಳುಕಲ್ಲ” ಅಂತ ಸೊಸೆ ಅವಳನ್ನು ಎತ್ತಿಕೊಂಡು ಚಿಕ್ಕಮಗಳೂರಿಗೆ ಹೊರಟಳು.

ಗಂಟಲ ಹಿಂದೆ ಕೀವು ಕಟ್ಟಿದೆ, ಇನ್ನೂ ತಡಮಾಡಿದ್ದರೆ ಉಸಿರೇ ಕಟ್ಟುತ್ತಿತ್ತು ಅಂದರಂತೆ ಡಾಕ್ಟರು. ಕೀವು ತೆಗೆದು ಒಂಬತ್ತು ದಿನ ಅಲ್ಲೇ ಇಟ್ಟುಕೊಂಡರು. ಆ ಒಂಬತ್ತು ದಿನವೂ ಕಾಫಿ ಹಣ್ಣು ಕುಯ್ಯುವಾಗ “ಅಜ್ಜೀ” ಅಂತ ಕರೆದ ಹಾಗಾಗಿ ತಿರುಗಿ ನೋಡುತ್ತಿದ್ದೆ. ಗಿಡಗಳ ನಡುವೆ ಯಾರೂ ಇರುತ್ತಿರಲಿಲ್ಲ. ಅವಳ ಫ್ರಾಕನ್ನು ಒಗೆಯಲು ಮನಸ್ಸಾಗದೆ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ.

“ಇನ್ನು ಮೇಲೆ ನಿನ್ನ ಕಾಲು ನೆಲದ ಮೇಲೇ ಇರಲಿ ಮಾರಾಯ್ತಿ” ಅಂದರು ನನ್ನ ಗಂಡ, ಇವತ್ತು ಅವಳು ಬಂದಮೇಲೆ.

“ದೊಡ್ಡವರ ಸೊಂಟಕ್ಕೆ ಬೇಕಾದರೆ ನೋಡೋಣ. ಮಕ್ಕಳ ಕತ್ತಿಗೆ ಡಾಕ್ಟರೇ” ಅಂದೆ.

ಸಂಜೆ ಕಡುಬು, ಕೋಳಿಸಾರು ಮಾಡಿ ಎಲ್ಲರೂ ಒಟ್ಟಿಗೆ ಕೂತೆವು. ಅವಳು ನನ್ನ ತಟ್ಟೆಯಿಂದಲೇ ಮುರಿದು ತಿಂದು, ಇನ್ನೊಂದು ಕಡುಬು ಬೇಕು ಅಂದಳು.