ನನ್ನ ಕಥೆಗೆ ಅವರು ಬರೆದ ಕೊನೆ

ನಮ್ಮ ಕಡೆಯ ಗಂಡಸರು ಬರೆದ ಕಥೆಗಳಲ್ಲಿ ಹೆಂಗಸಿನ ಕೈ ಯಾವಾಗಲೂ ಮೆತ್ತಗಿರುತ್ತದೆ. ಅವಳು ಹೊಲದಿಂದ ಬಂದರೂ ಮಲ್ಲಿಗೆಯ ವಾಸನೆಯೇ ಬರುತ್ತದೆ. ಹೊಗೆಸೊಪ್ಪಿನ ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆ ಒಬ್ಬ ಹೆಂಗಸಿನ ಕೈಯನ್ನಾದರೂ ಸರಿಯಾಗಿ ನೋಡಿದ್ದರೆ ಈ ಮಹನೀಯರು ಹಾಗೆ ಬರೆಯುತ್ತಿರಲಿಲ್ಲ. ಹಸಿ ಎಲೆಯನ್ನು ಬೇಯಿಸಲು ಬ್ಯಾರನ್ನಿಗೆ, ಅಂದರೆ ಬಿಸಿಗಾಳಿಯ ಗೂಡಿಗೆ, ಏರಿಸುವ ಮೊದಲು ದಾರದಿಂದ ಕಡ್ಡಿಗೆ ಕಟ್ಟಬೇಕು. ಆ ಕೆಲಸ ಹೆಂಗಸರದು. ಸಂಜೆ ಹೊತ್ತಿಗೆ ಅಂಗೈ ತುಂಬ ಕರೀ ಅಂಟು. ಸೋಪಿಗೂ ಹೋಗುವುದಿಲ್ಲ, ಸೀಮೆಎಣ್ಣೆಗೂ ಹೋಗುವುದಿಲ್ಲ. ಆ ಕೈಯಲ್ಲಿ ಮುಟ್ಟಿದ ಅನ್ನ ಕಹಿ ವಿಷ. ಆ ದಿನಗಳಲ್ಲಿ ನಾವು ಚಮಚದಲ್ಲಿ ಉಣ್ಣುತ್ತೇವೆ.

ನಮ್ಮೂರಲ್ಲಿ ಈ ಕೆಲಸಕ್ಕೆ ಮುಯ್ಯಾಳು ಪದ್ಧತಿ. ಇವತ್ತು ನಾನು ಪಕ್ಕದ ಮನೆಯವಳ ಸೊಪ್ಪು ಕಟ್ಟಿಕೊಟ್ಟರೆ ನಾಳೆ ಅವಳು ನಮ್ಮದಕ್ಕೆ ಬರುತ್ತಾಳೆ. ಒಮ್ಮೆ ಹಾಗೆ ಕಟ್ಟುತ್ತಾ ಕೂತಾಗ ಅವಳು ಹಿಂದಿನ ದಿನ ಆದದ್ದನ್ನು ಹೇಳಿದಳು.

"ಅತ್ತೆ ಮುದ್ದೆ ಮಾಡಿಟ್ಟಿದ್ರು ಕಣಕ್ಕ. ನಮ್ಮನೆಯವ್ನು ಕುಂತ್ಕಂಡು ಇಕ್ಕು ಅಂದ. ಕೈ ತೋರಿಸ್ದೆ. ಆದ್ರೂ ಇಕ್ಕು ಅಂದ. ಮುದ್ದೆ ಅಲ್ಲೇ ಐತೆ, ಇಕ್ಕಂಡು ಉಣ್ಣು ಅಂತ ಎದ್ದು ಬಂದು ಜಗುಲಿ ಮೇಲೆ ಮಲಿಕ್ಕಂಡೆ. ಹೊಟ್ಟೆ ಹಸೀತಿತ್ತು, ಆದ್ರೂ ಏನೋ ಒಂಥರಾ ಖುಷಿ."

ನಾನು ಆಗೊಂದು ಈಗೊಂದು ಕಥೆ ಬರೆಯುವವಳು. ಇದನ್ನು ಬರೆಯಲೇ ಎಂದು ಕೇಳಿದೆ.

"ಬರ್ಕಳಿ. ಎದ್ದು ಬಂದಿದ್ದು ಮಾತ್ರ ಬುಡಬ್ಯಾಡಿ" ಎಂದಳು. ಬಿಡುವುದಿಲ್ಲ ಎಂದು ಮಾತು ಕೊಟ್ಟೆ.

ಆಗ ಕೆ.ಆರ್. ನಗರದ ಒಬ್ಬ ನಿವೃತ್ತ ಉಪನ್ಯಾಸಕರು ಸುತ್ತಲಿನ ನಾಲ್ಕು ತಾಲ್ಲೂಕಿನವರು ಗಂಡ ಹೆಂಡಿರ ಬಗ್ಗೆ ಬರೆದ ಕಥೆಗಳನ್ನು ಸೇರಿಸಿ ಪುಸ್ತಕ ಮಾಡುತ್ತಿದ್ದರು. ನನ್ನದನ್ನೂ ಕಳಿಸಿದೆ. ಫೋನು ಬಂತು.

"ಕಥೆ ಚೆನ್ನಾಗಿದೆಯಮ್ಮ, ಕೊನೆ ಮಾತ್ರ ಒಣಒಣ. ಹೆಣ್ಣುಮಗಳು ಬರೆದ ಮೇಲೆ ಸ್ವಲ್ಪ ಅಂತಃಕರಣ ಬೇಡವೇ? ನಾಳೆ ಜನ ನಿಮ್ಮ ಯಜಮಾನರ ಕಡೆಗೇ ಬೆರಳು ತೋರಿಸ್ತಾರೆ."

ತೋರಿಸಲಿ, ಕೊನೆ ಹಾಗೇ ಇರಲಿ ಎಂದೆ. "ನೋಡೋಣ" ಎಂದರು. ಅದೇ ಪುಸ್ತಕದಲ್ಲಿ ಅವರದೂ ಒಂದು ಕಥೆಯಿತ್ತು. ಮದುವೆಯಾದ ಅಧಿಕಾರಿಯೊಬ್ಬ ಅಂತರಸಂತೆಯ ಕಡೆ ಗಿರಿಜನರ ಹಾಡಿಯ ಹುಡುಗಿಗೆ ಮರುಳಾಗಿ ಹೆಂಡತಿಯನ್ನು ಬಿಡುತ್ತಾನೆ. ಹುಡುಗಿಯ ಕೂದಲು ಸದಾ ಒದ್ದೆ, ಕೆಲಸವಿಲ್ಲ, ಹಸಿವಿಲ್ಲ, ಬಾಯಿಗೆ ಮಾತೂ ಇಲ್ಲ. ಅದನ್ನೋದಿ ಅವರ ಹೆಂಡತಿಯ ಕಡೆ ಯಾರು ಬೆರಳು ತೋರಿಸಿದರು? ಗಂಡಸು ಬರೆದರೆ ಕಲ್ಪನೆ, ಹೆಂಗಸು ಬರೆದರೆ ಮನೆಯ ರಾದ್ಧಾಂತ! ನನಗೆ ಇವರ ಲೆಕ್ಕಾಚಾರ ಕಂಡರೆ ಹೇಸಿಗೆ.

ಒಂದು ಮಾತು ಮಾತ್ರ ಅವರು ಸರಿಯಾಗಿಯೇ ಹೇಳಿದ್ದರು. ನನ್ನ ಕಥೆಗಳ ಗಂಡಸರು ಕೆಮ್ಮುತ್ತಾರೆ, ಕೂಗುತ್ತಾರೆ, ಇನ್ನೇನೂ ಮಾಡುವುದಿಲ್ಲವಂತೆ. ನಿಜ. ಸೊಪ್ಪಿನ ಹರಾಜಿಗೆ ಹೋದಾಗ ಗಂಡಸರು ತಮ್ಮತಮ್ಮಲ್ಲಿ ಏನು ಮಾತಾಡಿಕೊಳ್ಳುತ್ತಾರೋ, ಒಬ್ಬರೇ ಇದ್ದಾಗ ಅಳುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯಲು ಕೈ ಬರುವುದಿಲ್ಲ. ಉಪನ್ಯಾಸಕರಿಗೆ ಆ ಸಂಕೋಚವೇ ಇಲ್ಲ.

ಮುಂದಿನ ವರ್ಷ ಸೊಪ್ಪಿನ ಕಾಲ ಶುರುವಾಗುವ ಹೊತ್ತಿಗೆ ಹುಣಸೂರಿನಲ್ಲಿ ಪುಸ್ತಕದ ಬಿಡುಗಡೆಯಾಯಿತು. ಶಾಲು ಹೊದಿಸಿ ಒಂದು ಪ್ರತಿ ಕೊಟ್ಟರು. ಊರಿಗೆ ಬರುವ ಬಸ್ಸಿನಲ್ಲಿ ನನ್ನ ಕಥೆಯ ಕೊನೆಯ ಪುಟ ತೆಗೆದೆ. ಜಗುಲಿಯಲ್ಲಿ ಮಲಗಿದ್ದವಳನ್ನು ಎಬ್ಬಿಸಿಬಿಟ್ಟಿದ್ದರು. ಅವಳು ಕಣ್ಣೀರು ಒರೆಸಿಕೊಂಡು ಒಳಗೆ ಬಂದು, ತಪ್ಪಾಯಿತೆಂದು ಹೇಳಿ, ಮುದ್ದೆ ಮುರಿದು ಸಾರಿಗೆ ಅದ್ದಿ, ಗಂಡನಿಗೆ ಕೈಯಾರೆ ತುತ್ತಿಡುತ್ತಾಳೆ! ಆ ಕೈಯಲ್ಲಿ! ನಾನು ಥೂ ಎಂದದ್ದು ಜೋರಾಗಿಯೇ ಕೇಳಿಸಿರಬೇಕು, ಮುಂದಿನ ಸೀಟಿನವರು ತಿರುಗಿ ನೋಡಿದರು.

ಬಸ್ಸಿನಿಂದಲೇ ಉಪನ್ಯಾಸಕರಿಗೆ ಫೋನು ಮಾಡಿ ಜಗಳವಾಡಿದೆ. "ನಿಮ್ಮ ಮಾನ ಉಳಿಸಿದ್ದೀನಮ್ಮ" ಎಂದರು. ಮನೆಯಲ್ಲಿ ನನ್ನ ಯಜಮಾನರು ಓದಿ, "ಇಂಗೇ ಚೆಂದಾಗೈತೆ ಬುಡು" ಎಂದರು.

ಸಾಲದ್ದಕ್ಕೆ ಆ ಉಪನ್ಯಾಸಕ ಮಹಾಶಯರು ನನ್ನ ಕಥೆಯ ಪುಟಗಳ ಫೋಟೋ ತೆಗೆದು, ಕೈ ಮುಗಿಯುವ ಚಿತ್ರ ಅಂಟಿಸಿ ವಾಟ್ಸಾಪಿಗೆ ಹಾಕಿದ್ದರು. ಮೊಬೈಲಿಂದ ಮೊಬೈಲಿಗೆ ಹಾರಿ ಅದು ನಮ್ಮೂರಿಗೂ ಬಂತು.

ಮುಂದಿನ ಸಲ ಸೊಪ್ಪು ಕಟ್ಟಲು ಪಕ್ಕದವಳ ಮನೆಗೆ ಹೋದೆ. ನಡೆದದ್ದನ್ನು ನಾನೇ ಮೊದಲು ಹೇಳಬೇಕೆಂದುಕೊಂಡಿದ್ದೆ. ಅವಳೇ ಮಾತು ತೆಗೆದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ನೀವು ಬರ್ದಿದ್ದು ನಮ್ಮನೆಯವ್ನ ಮೊಬೈಲಿಗೂ ಬಂತು ಕಣಕ್ಕ. ನಿನ್ನೆ ತಟ್ಟೆ ಮುಂದೆ ಬಾಯಿ ತಕ್ಕಂಡು ಕುಂತ್ಬುಟ್ಟ. ನಿನ್ ಕತೆನೇ ಬರದವ್ರೆ ಕಣೇ, ಬಾ ಉಣ್ಣುಸು ಅಂದ. ಅತ್ತೇನೂ ಬುಕ್ಕಲ್ಲೇ ಐತಂತಲ್ಲ ಅಂದ್ರು."

"ಉಣ್ಣಿಸಿದ್ಯಾ?"

"ಇನ್ನೇನ್ ಮಾಡ್ಲಿ?"

ಅದನ್ನು ನಾನು ಬರೆಯಲಿಲ್ಲ ಕಣೇ, ಆ ಕೆ.ಆರ್. ನಗರದ ಗಂಡಸು ನನ್ನನ್ನು ಕೇಳದೆ ಸೇರಿಸಿದ್ದು, ನಾನು ನೀನು ಹೇಳಿದಂತೆಯೇ ಬರೆದಿದ್ದೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಹೆಸ್ರು ನಿಮ್ದೇ ಐತಲ್ಲಕ್ಕ" ಎಂದು ಇನ್ನೊಂದು ಕಡ್ಡಿ ಎತ್ತಿಕೊಂಡಳು.