ಕಾರಿನ ಹೊಳಪು, ದ್ರಾಕ್ಷಿಯ ಮದ್ದು

ಹೊಸ ಕಾರು ಮನೆಗೆ ಬಂದ ಮೇಲೆ ಅಪ್ಪ ಅದನ್ನು ಬರಿಗೈಯಲ್ಲಿ ಮುಟ್ಟಿದ್ದೇ ಕಡಿಮೆ. ಬಾಗಿಲು ತೆಗೆಯುವಾಗಲೂ ಹಿಡಿಕೆಗೆ ಟವೆಲ್ಲಿನ ತುದಿ ಸುತ್ತುತ್ತಿದ್ದರು. ನಾನು ಹುಟ್ಟುವ ಮೊದಲಿನಿಂದಲೂ ತಮಿಳುನಾಡಿನ ನಮ್ಮ ಊರು ಕಂಬಂನಿಂದ ಘಟ್ಟದ ಮೇಲಿನ ಏಲಕ್ಕಿ ತೋಟಗಳಿಗೆ ಕೂಲಿಯವರನ್ನು ಜೀಪಿನಲ್ಲಿ ಕರೆದೊಯ್ದವರು ಅವರು. ಜೀಪು ಬೇರೆಯವರದು. ಆಮೇಲೆ ದ್ರಾಕ್ಷಿ ವ್ಯಾಪಾರಕ್ಕೆ ಇಳಿದರು. ತಮ್ಮ ಹೆಸರಿನಲ್ಲಿ ಕೊಂಡ ಮೊದಲ ಗಾಡಿ ಈ ಕಡುನೀಲಿ ಕಾರು.

ಅದಕ್ಕೆ ಸೆರಾಮಿಕ್ ಕೋಟಿಂಗ್ ಬೇಕು ಎಂದವಳು ನಾನು. ಬಣ್ಣದ ಮೇಲೆ ಗಾಜಿನಂಥ ತೆಳು ಪದರ ಕೂರುತ್ತದೆ, ಬಿಸಿಲು, ಧೂಳು, ಹಕ್ಕಿ ಹಿಕ್ಕೆ ಯಾವುದೂ ಒಳಗಿನ ಬಣ್ಣವನ್ನು ಬೇಗ ಕೆಡಿಸುವುದಿಲ್ಲ ಎಂದು ವಿವರಿಸಿದೆ. ದಿಂಡುಗಲ್ಲಿನ ಅಂಗಡಿಯವರು ಕಾರನ್ನು ಮೂರು ದಿನ ಬಿಟ್ಟುಹೋಗಿ ಎಂದರು.

"ಮೂರ್ ದಿನ ಕಂಡೋರ್ ಅಂಗ್ಡೀಲಿ ಬುಟ್ಟು ನಾನ್ ಹೆಂಗ್ ಮಲಗ್ಲಿ?" ಅಂದರು ಅಪ್ಪ.

ಹಾಗಾದರೆ ನಾನೇ ಮಾಡುತ್ತೇನೆ ಎಂದೆ. ಅಪ್ಪ ನನ್ನ ಮುಖವನ್ನೇ ನೋಡಿದರು.

"ನೀ ತಲೆ ಬಾಚೋದ್ನೂ ಬರ್ದಿಟ್ಕಂಡ್ ಮಾಡೋಳು. ಸರಿ, ಮಾಡು. ಒಂದ್ ಕಲೆ ಬೀಳ್ಬಾರ್ದು, ಅಷ್ಟೇ."

ಆ 'ಅಷ್ಟೇ' ಎಂಬ ಮಾತಿಗಾಗಿ ಎರಡು ವಾರ ತಯಾರಿ ನಡೆಸಿದೆ. ಆನ್‌ಲೈನಿನಲ್ಲಿ ತರಿಸಿದ ಬಾಟಲಿ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಮೊದಲು ಹಳೆಯ ಫ್ರಿಜ್ಜಿನ ಬಾಗಿಲ ಮೇಲೆ ಎರಡು ಹನಿ ಹಚ್ಚಿ ನೋಡಿದೆ. ಒಂದು ಕಡೆ ಸಮಯಕ್ಕೆ ಸರಿಯಾಗಿ ಒರೆಸಿದೆ, ಅದು ಹೊಳೆಯಿತು. ಇನ್ನೊಂದು ಕಡೆ ಬೇಕೆಂದೇ ತಡ ಮಾಡಿದೆ. ಅಲ್ಲಿ ಎಣ್ಣೆ ಬಿದ್ದ ನೀರಿನ ಬಣ್ಣದ ಮಬ್ಬು ಗಟ್ಟಿಯಾಗಿ ಕೂತುಬಿಟ್ಟಿತು, ಎಷ್ಟು ಉಜ್ಜಿದರೂ ಹೋಗಲಿಲ್ಲ. ಹಚ್ಚಬೇಕು, ಎರಡು ನಿಮಿಷ ಕಾಯಬೇಕು, ಒರೆಸಬೇಕು. ಇದನ್ನು ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಕಾರಿನ ಭಾಗಗಳನ್ನೆಲ್ಲ ಪಟ್ಟಿ ಮಾಡಿ, ಗುರುತು ಹಾಕಲು ಎದುರಿಗೆ ಜಾಗ ಬಿಟ್ಟೆ.

ಮನೆಯ ಮುಂದಿನ ಬೀದಿಯಲ್ಲಿ ಈ ಕೆಲಸ ಆಗುವುದಿಲ್ಲ. ಶೇರ್ ಆಟೋಗಳು ಎಬ್ಬಿಸುವ ಧೂಳು ನಿಲ್ಲುವುದೇ ಇಲ್ಲ. ಕಾಮಯಗೌಂಡನ್‌ಪಟ್ಟಿ ರಸ್ತೆಯಲ್ಲಿ ನಮ್ಮದೊಂದು ಶೆಡ್ ಇದೆ, ದ್ರಾಕ್ಷಿ ತುಂಬುವ ಕ್ರೇಟುಗಳನ್ನು ಇಡುವುದು ಅಲ್ಲೇ. ಮೇಲೆ ತಗಡು, ಮೂರು ಕಡೆ ಗೋಡೆ. ತೆರೆದ ಕಡೆಗೆ ಚಿಕ್ಕಪ್ಪನ ದ್ರಾಕ್ಷಿ ಚಪ್ಪರ. ಧೂಳಿಲ್ಲ, ನೆರಳಿದೆ. ಶುಕ್ರವಾರ ಅಪ್ಪ ಕಾರನ್ನು ಅಲ್ಲಿ ನಿಲ್ಲಿಸಿ ವ್ಯಾಪಾರದ ಕೆಲಸಕ್ಕೆ ಬಸ್ಸಿನಲ್ಲಿ ದಿಂಡುಗಲ್ಲಿಗೆ ಹೋದರು.

ತೊಳೆದು, ಒಣಗಿಸಿ, ಜಿಡ್ಡು ತೆಗೆದು ಬಾನೆಟ್ಟಿಗೆ ಮೊದಲ ಹನಿ ಹಾಕಿದ್ದೆ ಅಷ್ಟೇ. ಚಿಕ್ಕಪ್ಪ ಪೈಪಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದರು. ಅವರು ಅಪ್ಪನ ಚಿಕ್ಕಪ್ಪನ ಮಗ.

"ಏನ್ ಪಾಪ, ಹೊಸ ಕಾರ್‌ಗೆ ತಿರ್ಗಾ ಬಣ್ಣಾನಾ? ಕಂಪ್ನಿಕಾರ ಅರ್ಧ ಬಳ್ದು ಬುಟ್ನಾ?"

"ಬಣ್ಣ ಅಲ್ಲ ಚಿಕ್ಕಪ್ಪ. ಬಣ್ಣ ಕಾಪಾಡಕ್ಕೆ ಮರುಂದು."

"ಮರುಂದಾ? ನಾನೂ ಅದ್ಕೇ ಬಂದಿದ್ದು."

ಬಟ್ಟೆ ನನ್ನ ಕೈಯಲ್ಲೇ ನಿಂತಿತು. ಅವರ ಮರುಂದು, ಅಂದರೆ ದ್ರಾಕ್ಷಿಗೆ ಹೊಡೆಯುವ ಮದ್ದು, ಮೈಲುತುತ್ತ, ಸುಣ್ಣ ಬೆರೆಸಿದ ನೀಲಿ ನೀರು. ಚಪ್ಪರದ ಕೆಳಗೆ ನಿಂತು ಎಂಜಿನ್ ಪಂಪಿನಿಂದ ಮೇಲಕ್ಕೆ ಹೊಡೆಯುತ್ತಾರೆ. ಎಲೆಗಳ ಸಂದಿಯಿಂದ ಅದು ಮಂಜಿನಂತೆ ಎದ್ದು ಗಾಳಿ ಬೀಸಿದ ಕಡೆ ಹೋಗುತ್ತದೆ. ಚಪ್ಪರದ ಕಲ್ಲುಕಂಬಗಳೆಲ್ಲ ನೀಲಿಯಾಗಿರುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ಗಾಳಿ, ತೇವ, ಬಿಸಿಲು ಎಲ್ಲವನ್ನೂ ಡೈರಿಯಲ್ಲಿ ಬರೆದಿದ್ದೆ. ಇದೊಂದನ್ನು ಯೋಚಿಸಿಯೇ ಇರಲಿಲ್ಲ.

"ನಾಳಿಕ್ಕೆ ಹೊಡೀಬಹುದಾ?" ಎಂದು ಕೇಳಿದೆ.

"ನೆನ್ನೆ ತೂರಲ್ ಬಿದ್ದೈತೆ ತಾಯಿ. ಇವತ್ತು ಬುಟ್ರೆ ಎಲೆ ಅಡೀಲಿ ಸಾಂಬಲ್ ಕೂತ್ಕಂತದೆ." ತುಂತುರು ಬಿದ್ದ ಮರುದಿನ ಮದ್ದು ಹೊಡೆಯದೆ ಬಿಟ್ಟರೆ ಎಲೆಗೆ ಬೂದಿಯಂತೆ ರೋಗ ಹಿಡಿಯುವುದು ನನಗೂ ಗೊತ್ತಿತ್ತು. ಅವರೇ ಕಾರನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿದರು. "ಆ ಕಡೆ ತುದೀಯಿಂದ ಸುರು ಮಾಡ್ತೀನಿ. ನಾನ್ ಇಲ್ಲಿಗ್ ಬರೋದ್ರೊಳ್ಗೆ ಮುಗ್ಸ್ಕೊ. ನನ್ ಪೈಪಿಗೆ ಹೊಸ್ದ್ ಯಾವ್ದು ಹಳೇದ್ ಯಾವ್ದು ತೆರೀದು, ಎಲ್ಲಾದ್ಕೂ ಹೊಡೀತದೆ."

ದೂರದಲ್ಲಿ ಎಂಜಿನ್ ಶುರುವಾಯಿತು. ಬಾನೆಟ್ ಮುಗಿಯಿತು, ಗುರುತು ಹಾಕಿದೆ. ಎಡಬದಿಯ ಬಾಗಿಲುಗಳು ಮುಗಿದವು, ಗುರುತು ಹಾಕಿದೆ. ಪ್ರತಿ ಭಾಗಕ್ಕೂ ಎರಡು ನಿಮಿಷ ಕಾಯುವುದೇ ಹಿಂಸೆಯಾಯಿತು. ಆ ಹೊತ್ತಿನಲ್ಲಿ ಮಾಡಲು ಏನೂ ಇಲ್ಲದೆ ಸದ್ದನ್ನೇ ಕೇಳುತ್ತಿದ್ದೆ. ಅದು ಒಂದೊಂದೇ ಸಾಲು ದಾಟಿ ಹತ್ತಿರವಾಗುತ್ತಿತ್ತು. ಒಮ್ಮೆ ಥಟ್ಟನೆ ನಿಂತಿತು. ಮುಗಿಯಿತೇನೋ ಎಂದುಕೊಂಡೆ. ಡ್ರಮ್ಮಿಗೆ ಮದ್ದು ತುಂಬಲು ನಿಲ್ಲಿಸಿದ್ದರು.

"ಎಷ್ಟಾತು?" ಚಪ್ಪರದೊಳಗಿಂದ ಕೂಗಿದರು.

"ಅರ್ಧ."

"ನಂದ್ ಮುಕ್ಕಾಲು."

ಬಲಬದಿ, ಡಿಕ್ಕಿ, ಬಂಪರ್ ಮುಗಿಸಿ ಸ್ಟೂಲ್ ಹತ್ತಿ ಟಾಪಿಗೆ ಹಚ್ಚಿದೆ. ಆಗ ಎಂಜಿನ್ ಮತ್ತೆ ಶುರುವಾಯಿತು, ಈ ಸಲ ಕಿವಿಯ ಪಕ್ಕದಲ್ಲೇ ಎನ್ನುವಷ್ಟು ಹತ್ತಿರ. ಗಾಳಿ ನಮ್ಮ ಕಡೆಗಿತ್ತು, ಸುಣ್ಣದ ವಾಸನೆ ಬಂತು. ಸ್ಟೂಲಿನಿಂದ ಹಾರಿ, ಮೂಲೆಯಲ್ಲಿದ್ದ ಟಾರ್ಪಾಲನ್ನು ಎಳೆದು ಶೆಡ್ಡಿನ ತೆರೆದ ಕಡೆಗೆ ಕಟ್ಟಲು ಓಡಿದೆ. ಒಂದು ತುದಿ ಬೇಗ ನಿಂತಿತು. ಇನ್ನೊಂದು ತುದಿಯ ಹಗ್ಗ ಗಂಟು ಬಿದ್ದಿತ್ತು. ಬಿಡಿಸುತ್ತಾ ಬಿಡಿಸುತ್ತಾ ಟಾಪಿನ ನೆನಪೇ ಹೋಯಿತು. ನೆನಪಾಗಿ ಓಡಿ ಬಂದು ಸ್ಟೂಲ್ ಹತ್ತಿದಾಗ ಬಟ್ಟೆ ಜಾರಲಿಲ್ಲ, ಅಂಟಿಕೊಂಡಂತೆ ಎಳೆಯಿತು.

ಗಟ್ಟಿಯಾದ ಮಬ್ಬಿನ ಮೇಲೆ ಹೊಸ ಹನಿ ಹಚ್ಚಿ ತಕ್ಷಣ ಒರೆಸಿದರೆ ಕೆಲವೊಮ್ಮೆ ಬಿಡುತ್ತದೆ ಎಂದು ಓದಿದ್ದೆ. ಬಾಟಲಿಯನ್ನು ಬುಡಮೇಲು ಮಾಡಿ ಹಿಂಡಿದೆ. ಟಾಪಿನ ಬಹುಭಾಗ ತಿಳಿಯಾಯಿತು. ನಡುವಿನಲ್ಲಿ ಅಂಗೈಯಗಲ ಮಬ್ಬು ಉಳಿಯಿತು, ಬಾಟಲಿ ಖಾಲಿಯಾಯಿತು. ಹೊರಗೆ ನೀಲಿ ನೀರು ಟಾರ್ಪಾಲಿನ ಮೇಲೆ ಪಟಪಟನೆ ಬೀಳುತ್ತಿತ್ತು. ಒಳಗೆ ಒಂದು ಹನಿಯೂ ಬರಲಿಲ್ಲ. ಚಿಕ್ಕಪ್ಪನ ಮದ್ದಿನಿಂದ ಕಾರಿಗೆ ಏನೂ ಆಗಲಿಲ್ಲ. ಆದದ್ದೆಲ್ಲ ನನ್ನ ಮದ್ದಿನಿಂದಲೇ.

ಸಂಜೆಯವರೆಗೆ ಶೆಡ್ಡಿನಲ್ಲೇ ಕೂತಿದ್ದೆ. ಪಟ್ಟಿಯಲ್ಲಿ ಟಾಪಿನ ಎದುರಿನ ಜಾಗಕ್ಕೆ ಯಾವ ಗುರುತು ಹಾಕುವುದೋ ತಿಳಿಯಲಿಲ್ಲ. ಅಪ್ಪ ಅಷ್ಟು ಎತ್ತರದವರಲ್ಲ, ನೆಲದಲ್ಲಿ ನಿಂತರೆ ಅವರಿಗೆ ಟಾಪ್ ಕಾಣುವುದಿಲ್ಲ ಎಂಬ ಯೋಚನೆ ಬಂತು. ಅದು ಬಂದದ್ದಕ್ಕೆ ಇನ್ನಷ್ಟು ಸಂಕಟವಾಯಿತು.

ಅಪ್ಪ ಬಂದವರೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾರನ್ನು ಸುತ್ತಿದರು. ಬಾನೆಟ್ಟಿನಲ್ಲಿ ತಮ್ಮ ಮುಖ ಕಂಡು ಮೀಸೆ ಸರಿಮಾಡಿಕೊಂಡರು. ನಾನು ಆ ಕ್ಷಣವೇ ಹೇಳಿಬಿಟ್ಟೆ.

"ಅಪ್ಪ, ಮೇಲೊಂದ್ ಕಡೆ ಕೆಟ್ಟೋತು."

ಅವರು ಒಂದು ಕ್ರೇಟನ್ನು ಎಳೆದು ಅದರ ಮೇಲೆ ಹತ್ತಿದರು.

"ಏನೂ ಇಲ್ವಲ್ಲ."

"ಈ ಕಡೆಯಿಂದ ಓರೆಯಾಗಿ ನೋಡಪ್ಪ."

ನೋಡಿದರು. ಬಹಳ ಹೊತ್ತು ನೋಡಿದರು. ಉಗುರಿನಿಂದ ಕೆರೆಯಲು ಹೋಗಿ ಬೆರಳನ್ನು ಹಿಂದಕ್ಕೆಳೆದುಕೊಂಡರು.

"ಯಾತಕ್ ತೋರ್ಸ್ದೆ? ಇನ್ ಜನ್ಮಕ್ಕೂ ನಂಗೆ ಇದೊಂದೇ ಕಣ್ಣಿಗ್ ತೆರೀತದೆ."

ಮೆಷಿನ್ನಿನಲ್ಲಿ ಪಾಲಿಶ್ ಹಿಡಿಸಿದರೆ ಹೋಗಬಹುದು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಟಾರ್ಪಾಲ್ ಸರಿಸಿಕೊಂಡು ಚಿಕ್ಕಪ್ಪ ಒಳಗೆ ಬಂದರು. ಅವರ ಹುಬ್ಬು, ಕಿವಿ ಎಲ್ಲ ನೀಲಿಯಾಗಿದ್ದವು.

"ಹೆಂಗ್ ಐತಣ್ಣ ಪಾಪನ್ ಕೆಲ್ಸ? ಮೇಲೇನ್ ನೋಡ್ತಾ ಇದ್ದೀಯ?"

"ಕನ್ನಡಿ ಇದ್ದಂಗ್ ಐತೆ," ಎಂದರು ಅಪ್ಪ ಅಲ್ಲಿಂದಲೇ.

"ಎಲ್ಲಿ, ನಾನೂ ನೋಡ್ತೀನಿ."

ಅಪ್ಪ ಕೆಳಗಿಳಿದರು. "ನೀ ಮೊದ್ಲು ಹೋಗಿ ಮುಖ ತೊಳ್ಕೋ. ನನ್ ಕಾರ್ ಮ್ಯಾಲೆ ಸುರಿಸ್ಬ್ಯಾಡ," ಎನ್ನುತ್ತಾ ಆ ಕ್ರೇಟನ್ನು ಎತ್ತಿಕೊಂಡು ಹೋಗಿ ಚಿಕ್ಕಪ್ಪನ ಕೈಗೆ ಎಟುಕದಂತೆ ರಾಶಿಯ ತುತ್ತತುದಿಯಲ್ಲಿಟ್ಟರು.